ಕಲ್ಲುಸಂದಿಯ ಡಬ್ಬಿಯೂ ಹೊಲದ ಗಡಿಕಲ್ಲೂ

ಭಾನುವಾರ ಬೆಳಗ್ಗೆ ನಿಮ್ಮ ಹೊಲದ ಬದುವಿನ ಮೇಲೆ ನಾಲ್ವರು ಅಪರಿಚಿತ ಹುಡುಗರು ಕಾಣುತ್ತಾರೆನ್ನಿ. ಒಬ್ಬನ ಕೈಯಲ್ಲಿ ಮೊಬೈಲು. ಅವನು ಹತ್ತು ಹೆಜ್ಜೆ ಮುಂದೆ ಹೋಗುತ್ತಾನೆ, ನಾಲ್ಕು ಹೆಜ್ಜೆ ಹಿಂದೆ ಬರುತ್ತಾನೆ. ಇನ್ನೊಬ್ಬ ಹುಣಸೆಮರದ ಪೊಟರೆಗೆ ಇಣುಕುತ್ತಾನೆ. ಮೂರನೆಯವನು ಬದುವಿನ ಕಲ್ಲೊಂದನ್ನು ಎತ್ತಿ ನೋಡಿ ಮತ್ತೆ ಇಡುತ್ತಾನೆ. ನಿಮಗೆ ಏನೆನಿಸೀತು? ನಿಧಿಗಳ್ಳರು ಎಂದೇ ಅನಿಸೀತು. ಹಾಗೆ ಅನಿಸಿದರೆ ಅದು ನಿಮ್ಮ ತಪ್ಪಲ್ಲ. ಪಾಳುಗುಡಿಯ ಗರ್ಭಗುಡಿ ಅಗೆದವರನ್ನೂ ವೀರಗಲ್ಲು ಉರುಳಿಸಿದವರನ್ನೂ ಕಂಡ ನಾಡು ನಮ್ಮದು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದಾದರೂ ಹಾರೆ ಹಿಡಿದು ರಾತ್ರಿ ಹೊರಡುವವರು ಇನ್ನೂ ಇದ್ದಾರೆ.

ಆದರೆ ಈ ಹುಡುಗರು ಹುಡುಕುತ್ತಿರುವುದು ಚಿನ್ನವನ್ನಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿಯನ್ನು. ಅದರೊಳಗೆ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲು, ಬಹಳವಾದರೆ ಒಂದು ಗೋಲಿ, ಒಂದು ಬೀಗದ ಕೈಗೊಂಚಲು. ಪುಸ್ತಕದಲ್ಲಿ ತಮ್ಮ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಇಲ್ಲಿನ ಕ್ಯಾಶ್ ಎಂಬುದು ನಗದು ಹಣವಲ್ಲ. ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಮೂಲದ ಮಾತು. ಉಚ್ಚಾರಣೆ ಒಂದೇ ಆದ್ದರಿಂದ ಊರಿನಲ್ಲಿ ಈ ಹೆಸರು ಹೇಳಿದರೆ ಸಂಶಯ ಇಮ್ಮಡಿಯಾಗುವುದೇ ಹೆಚ್ಚು. ನಾವು ‘ಡಬ್ಬಿ ಹುಡುಕುವ ಆಟ’ ಎಂದೇ ಕರೆಯೋಣ.

ಇಂಥ ಹುಡುಗಾಟಕ್ಕೆ ಕೃಷಿ ಪುಟದಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕಾರಣ ಎರಡಿವೆ. ಆಟಗಾರರು ನಡೆಯುವುದು ನಮ್ಮ ನೆಲದ ಮೇಲೆ. ಎರಡನೆಯದಾಗಿ, ಅವರು ಆಟದಲ್ಲಿ ಕಲಿಯುವ ವಿದ್ಯೆ ಅವರಿಗಿಂತ ನಮಗೇ ಹೆಚ್ಚು ಬೇಕಾದದ್ದು. ಆದ್ದರಿಂದ ಈ ಆಟವನ್ನು ಊರಿನಿಂದ ಓಡಿಸುವುದಕ್ಕಿಂತ ನಮ್ಮ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಆಟದ ಹುಟ್ಟನ್ನು ಸ್ವಲ್ಪ ಹೇಳಬೇಕು. ಆಕಾಶದಲ್ಲಿ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಮೊದಲು ಸೈನ್ಯಕ್ಕಾಗಿ ಹಾರಿಸಿದವು. ಸಾಮಾನ್ಯ ಜನ ಬಳಸುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಿದ್ದರು. ನೀವು ನಿಂತ ಜಾಗ ನೂರು ಮೀಟರಿನಷ್ಟು ಆಚೀಚೆ ಕಾಣುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆಜ್ಞೆಯಂತೆ ಆ ಬೆರಕೆಯನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಯಂತ್ರಗಳ ಕಣ್ಣು ಚುರುಕಾಯಿತು. ಇದನ್ನು ಪರೀಕ್ಷಿಸಬೇಕೆಂದು ಡೇವ್ ಅಲ್ಮರ್ ಎಂಬ ಆಸಾಮಿ ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟಿನಲ್ಲಿ ಪುಸ್ತಕ, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು ಇಟ್ಟು, ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ: ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು. ದಾರಿ ಹೇಳಲಿಲ್ಲ, ಗುರುತು ಹೇಳಲಿಲ್ಲ; ಬರೀ ಅಂಕಿ. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿದರು. ಈಗ 190ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಡಬ್ಬಿಗಳಿವೆ. ಒಟ್ಟು ಸಂಖ್ಯೆ ಮೂವತ್ತು ಲಕ್ಷ ಮೀರಿದೆ. ನಮ್ಮ ರಾಜ್ಯದಲ್ಲೂ ಇವೆ.

ಇದಕ್ಕೂ ಹಿರಿಯ ಅಣ್ಣನೊಬ್ಬನಿದ್ದಾನೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ, ಕುರಿ ಕುದುರೆ ಮೇಯುವ ಹುಲ್ಲುಗಾವಲಿನ ನಡುವೆ, 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಕ್ರ್ಯಾನ್‌ಮಿಯರ್ ಎಂಬ ಕೆಸರು ಹೊಂಡದ ಬಳಿ ಒಂದು ಶೀಷೆ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಅಲ್ಲಿಂದ ಬೆಳೆದ ಪದ್ಧತಿ ಇಂದಿಗೂ ನಡೆದಿದೆ. ಆದರೆ ದನಗಾಹಿಯ ನೆಲದಲ್ಲಿ ಪರಸ್ಥಳದವರು ಓಡಾಡುವುದು ಯಾವಾಗಲೂ ನಿರಪಾಯವಲ್ಲ ಎಂಬುದಕ್ಕೂ ಅದೇ ದೇಶ ಸಾಕ್ಷಿ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿ ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಹಳ್ಳಿಗಾಡಿನ ಕಾಲುದಾರಿಗಳನ್ನೆಲ್ಲ ತಿಂಗಳುಗಟ್ಟಲೆ ಮುಚ್ಚಿದರು. ರೋಗದ ವಿಷ ಬೂಟಿನ ಕೆಸರಿನಲ್ಲೂ ಸಾಗುತ್ತದೆ ಎಂಬ ಕಾರಣಕ್ಕೆ. ನಿಮ್ಮ ಊರಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿದ ವಾರ ಯಾವ ಆಟವೂ ಬೇಡ ಎಂದು ಹೇಳಲು ನಿಮಗೆ ಪೂರ್ಣ ಹಕ್ಕಿದೆ.

ಇನ್ನು ಆಟ ಆರಂಭಿಸುವುದು ಹೇಗೆ? ದುಬಾರಿ ಸಾಮಾನೇನೂ ಬೇಡ. ನಿಮ್ಮ ಮಗನ ಕೈಯಲ್ಲಿರುವ ಮೊಬೈಲೇ ಸಾಕು. ಆಟದ ಆ್ಯಪಿನಲ್ಲಿ ಶುಲ್ಕವಿಲ್ಲದೆ ಹೆಸರು ನೋಂದಾಯಿಸಬಹುದು. ಕೆಲವು ಡಬ್ಬಿಗಳು ಮಾತ್ರ ಹಣ ಕೊಟ್ಟವರಿಗೆ ಕಾಣುತ್ತವೆ, ಅವನ್ನು ಬಿಟ್ಟುಬಿಡಿ. ಪ್ರತಿ ಡಬ್ಬಿಗೂ ಹುಡುಕುವ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು, ಹೀಗೆ 1ರಿಂದ 5ರವರೆಗೆ ಎರಡು ಅಂಕ ಕೊಟ್ಟಿರುತ್ತಾರೆ. ಮೊದಲ ಸಲ ಎರಡರಲ್ಲೂ ಒಂದು ಅಥವಾ ಒಂದೂವರೆ ಇರುವುದನ್ನೇ ಆರಿಸಿ. ಹತ್ತಿರ ಹೋಗುವವರೆಗೆ ಮೊಬೈಲು ನೋಡಿ. ಕೊನೆಯ ಐದಾರು ಮೀಟರಿನಲ್ಲಿ ಅದನ್ನು ಜೇಬಿಗೆ ಹಾಕಿ ಕಣ್ಣು ತೆರೆಯಿರಿ. ಅಲ್ಲಿಂದಾಚೆ ಯಂತ್ರಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು. ಸಹಜವಾಗಿ ಬಿದ್ದ ಕಲ್ಲು ಯಾವುದು, ಯಾರೋ ಇಟ್ಟ ಕಲ್ಲು ಯಾವುದು ಎಂಬುದನ್ನು ಪಟ್ಟಣದ ಹುಡುಗ ಅರ್ಧ ಗಂಟೆ ಹುಡುಕಿದರೆ ಕುರಿ ಕಾಯುವ ಹುಡುಗ ಒಂದೇ ನೋಟಕ್ಕೆ ಹೇಳಿಬಿಡುತ್ತಾನೆ.

ಕಲ್ಲುಸಂದಿಗೆ ಬರಿಗೈ ಹಾಕಬೇಡಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ; ಬರುವ ಅತಿಥಿಗಳಿಗೆ ನೀವೇ ಹೇಳಬೇಕು. ಮೊದಲು ಕೋಲು, ಆಮೇಲೆ ಕೈ. ನಾಗರವೂ ಕೊಳಕುಮಂಡಲವೂ ಈ ಆಟದ ನಿಯಮ ಓದಿಲ್ಲ. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ ಕೂಡಲೇ ಆಸ್ಪತ್ರೆ ಸೇರಿಸಬೇಕು.

ಅಂಕಿಯ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಒಂದು ಡಿಗ್ರಿಗೆ 60 ಮಿನಿಟು. ಅಕ್ಷಾಂಶದ ಒಂದು ಮಿನಿಟು ಎಂದರೆ ನೆಲದ ಮೇಲೆ ಸುಮಾರು 1,850 ಮೀಟರು. ಆ ಮಿನಿಟಿನ ಸಾವಿರದಲ್ಲೊಂದು ಭಾಗ ಎರಡು ಮೀಟರಿಗೂ ಕಡಿಮೆ. ಆದ್ದರಿಂದಲೇ ಆಟದಲ್ಲಿ ಮಿನಿಟಿನ ನಂತರ ಮೂರು ಅಂಕಿ ಬರೆಯುತ್ತಾರೆ. ಮೊಬೈಲಿನ ಬೇರೆ ನಕ್ಷೆಗಳು ಮಿನಿಟು ಹೇಳುವುದಿಲ್ಲ, ಡಿಗ್ರಿಯನ್ನೇ ದಶಾಂಶದಲ್ಲಿ ಹೇಳುತ್ತವೆ. 14 ಡಿಗ್ರಿ 30.500 ಮಿನಿಟು ಎಂದು ಕೊಟ್ಟದ್ದನ್ನು 14.30500 ಎಂದು ಒತ್ತಿದರೆ ನೀವು ಇಪ್ಪತ್ತೆರಡು ಕಿಲೋಮೀಟರಿಗೂ ದೂರದ ಬೇರೊಂದು ಊರಿನಲ್ಲಿ ಹುಡುಕುತ್ತಿರುತ್ತೀರಿ. ಸರಿಯಾದದ್ದು 14.50833. ಮಿನಿಟನ್ನು 60ರಿಂದ ಭಾಗಿಸಬೇಕು, ಅಷ್ಟೆ. ಎಂಟನೆಯ ತರಗತಿಯ ಹುಡುಗಿಗೆ ಈ ಲೆಕ್ಕ ಕೊಟ್ಟು ನೋಡಿ. ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಅಕ್ಷಾಂಶ ಅವಳ ಕಾಲಡಿಗೆ ಬರುತ್ತದೆ.

ನನಗೆ ಆಟಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಮುಂದಿನದು. ಮೊಬೈಲು ತೆರೆದ ಬಯಲಿನಲ್ಲಿ ಸುಮಾರು ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಮರದಡಿ, ಬಂಡೆಯ ಪಕ್ಕ, ಗೋಡೆಯ ಮಗ್ಗುಲಲ್ಲಿ ಇನ್ನೂ ತಪ್ಪುತ್ತದೆ. ಒಂದು ಬೆಳಗ್ಗೆ ನಾನು ನಮ್ಮದೇ ಜಮೀನಿನ ಮೂಲೆಗಲ್ಲಿನ ಮೇಲೆ ಮೊಬೈಲಿಟ್ಟು ಮೂರು ಸಲ ಅಂಕಿ ಬರೆದುಕೊಂಡೆ. ಕಲ್ಲು ಅಲುಗಲಿಲ್ಲ, ಆದರೆ ಮೂರು ಸಲವೂ ಅಂಕಿ ಬೇರೆ. ಒಂದು ಸಲ ನಾನು ಪಕ್ಕದವರ ರಾಗಿಯಲ್ಲಿ ನಿಂತಿದ್ದೆನಂತೆ! ಡಬ್ಬಿ ಹುಡುಕುವವರಿಗೆ ಐದು ಮೀಟರು ಆಟದ ರುಚಿ. ನಮಗೆ ಐದು ಮೀಟರು ಎಂದರೆ ಏನು? 33 ಅಡಿಯ ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಐದು ಮೀಟರೆಂದರೆ ಹದಿನಾರೂವರೆ ಅಡಿಗೆ ಸ್ವಲ್ಪ ಕಡಿಮೆ, ಅಂದರೆ ಗುಂಟೆಯ ಅರ್ಧ ಅಗಲ. ನೂರು ಮೀಟರ್ ಉದ್ದದ ಬದುವಿನಲ್ಲಿ ಅಷ್ಟು ಜರುಗಿದರೆ ಐದು ಗುಂಟೆ ಹತ್ತಿರ ಕೈ ಬದಲಾಯಿತು.

ಈಗ ಊರೂರಿನಲ್ಲಿ ಏನಾಗುತ್ತಿದೆ? ದಿಶಾಂಕ್ ಆ್ಯಪ್ ಬಂದಿದೆ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಬಹಳ ಉಪಯುಕ್ತವಾದದ್ದು, ಜಮೀನು ಕೊಳ್ಳುವವನು ಮೋಸ ಹೋಗದಂತೆ ತಡೆಯಬಲ್ಲದು. ಆದರೆ ಅದನ್ನೇ ಹಿಡಿದುಕೊಂಡು ‘ನೋಡು, ಗೆರೆ ನಿನ್ನ ಬದುವಿನ ಒಳಗೆ ಹೋಗುತ್ತಿದೆ’ ಎಂದು ನೆರೆಯವನ ಮೇಲೆ ಏರಿ ಹೋಗುವವರೂ ಹುಟ್ಟಿಕೊಂಡಿದ್ದಾರೆ. ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿದಾಗ ಉಳಿಯುವ ತಪ್ಪು ಒಂದು, ಮೊಬೈಲಿನ ತಪ್ಪು ಇನ್ನೊಂದು. ಎರಡೂ ಸೇರಿ ಅಣ್ಣತಮ್ಮಂದಿರನ್ನು ಕೋರ್ಟಿಗೆ ಹತ್ತಿಸುತ್ತವೆ. ಗಡಿ ತೀರ್ಮಾನಿಸುವುದು ಮೊಬೈಲಲ್ಲ, ಭೂಮಾಪಕರು. ಅವರು ಈಗ ತರುವ ರೋವರ್ ಯಂತ್ರ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರುಗಳ ಲೆಕ್ಕದಲ್ಲಿ ಜಾಗ ಹೇಳುತ್ತದೆ. ನಮ್ಮ ಕೈಯ ಮೊಬೈಲು ಅದಲ್ಲ.

ಹತ್ತು ಡಬ್ಬಿ ಹುಡುಕಿದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರ ಹೇಳಿದ ಜಾಗದಲ್ಲಿ ಡಬ್ಬಿ ಇರಲಿಲ್ಲ, ನಾಲ್ಕು ಹೆಜ್ಜೆ ಆಚೆಯ ಕತ್ತಾಳೆ ಬುಡದಲ್ಲಿತ್ತು ಎಂಬುದನ್ನು ಅವನು ಹತ್ತು ಸಲ ಕಂಡಿರುತ್ತಾನೆ. ಮುಂದೆ ಅವನ ಅಪ್ಪ ಮೊಬೈಲು ಹಿಡಿದು ಬದು ಕಡಿಯಲು ಹೊರಟರೆ ತಡೆಯುವವನು ಅವನೇ. ನಾನು ಈ ಆಟದ ಪರ ನಿಲ್ಲುವುದು ಇದೊಂದೇ ಕಾರಣಕ್ಕೆ ಎಂದರೂ ಸರಿ.

ಆದರೆ ಷರತ್ತು ಎಂದೆನಲ್ಲ, ಅದನ್ನು ಹೇಳದೆ ಬಿಡಲಾರೆ. ಜಮೀನಿನ ಒಡೆಯನ ಒಪ್ಪಿಗೆಯಿಲ್ಲದೆ ಡಬ್ಬಿ ಇಡಬಾರದು, ಇಡಲು ಗುಂಡಿ ತೋಡಬಾರದು ಎಂಬುದು ಈ ಆಟದ್ದೇ ನಿಯಮ. ಬಹಳ ಮಂದಿ ಪಟ್ಟಣದವರಿಗೆ ಬೀಳುಬಿಟ್ಟ ನೆಲವೆಲ್ಲ ಯಾರದೂ ಅಲ್ಲದ ನೆಲವಾಗಿ ಕಾಣುತ್ತದೆ. ಅದು ಯಾರದೋ ಹುಲ್ಲುಬನ್ನಿ, ಇಲ್ಲವೇ ಊರಿನ ಗೋಮಾಳ ಎಂದು ತಿಳಿಸಿ ಹೇಳುವವರು ಬೇಕು. ಗೋಮಾಳವಾದರೆ ಪಂಚಾಯಿತಿಯನ್ನು ಕೇಳಲಿ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದು ಬೇಡ. ಪಾಳುಗುಡಿ, ಶಾಸನದ ಕಲ್ಲು, ವೀರಗಲ್ಲುಗಳ ಹತ್ತಿರ ಡಬ್ಬಿ ಇಡಲು ಬಿಡಲೇಬೇಡಿ; ಡಬ್ಬಿಯ ನೆಪದಲ್ಲಿ ಹಾರೆ ಬಂದೀತು. ಟ್ರಾನ್ಸ್‌ಫಾರ್ಮರ್, ರೈಲುಹಳಿ, ಸೇತುವೆಯ ಬುಡದಲ್ಲೂ ಬೇಡ. ಗುರುತಿಲ್ಲದ ಡಬ್ಬಿ ಕಂಡರೆ ಪೊಲೀಸರು ಬಾಂಬೆಂದು ಭಾವಿಸುವ ಕಾಲವಿದು. ಡಬ್ಬಿಯ ಮೇಲೆ ಇದು ಆಟದ ವಸ್ತು ಎಂದು ಕನ್ನಡದಲ್ಲಿ ಬರೆದಿರಲಿ. ತಿಂಡಿ ಇಟ್ಟರೆ ಇರುವೆ, ಇಲಿ, ಕೋತಿ ಮೂವರೂ ಆಟಕ್ಕೆ ಸೇರುತ್ತಾರೆ, ಇಡಬಾರದು. ತೆರೆದ ಗೇಟನ್ನು ಮುಚ್ಚಿ ಹೋಗಲಿ, ಪೈರಿನ ನಡುವೆ ನಡೆಯದೆ ಬದುವಿನ ಮೇಲೆ ನಡೆಯಲಿ. ಗಡಿಕಲ್ಲನ್ನಂತೂ ಮುಟ್ಟಕೂಡದು. ಅದನ್ನು ಕೀಳುವುದು ಅಪರಾಧ ಎಂದು ಹೇಳಿಬಿಡಿ.

ಹುಡುಕಲು ಬಂದವರು ದಾರಿಯಲ್ಲಿ ಕಂಡ ಪ್ಲಾಸ್ಟಿಕ್ ಕಸವನ್ನು ಚೀಲದಲ್ಲಿ ತುಂಬಿಕೊಂಡು ಹೋಗುವ ಪದ್ಧತಿಯೂ ಈ ಆಟದಲ್ಲಿದೆ. ಒಪ್ಪಿಗೆ ಕೊಡುವಾಗ ಅದನ್ನು ನೆನಪಿಸಿ. ಕೆರೆ ಏರಿಯ ಮೇಲಿನ ಬಾಟಲಿಗಳನ್ನು ಯಾರಾದರೂ ಹೊತ್ತೊಯ್ದರೆ ನಮಗೇನು ನಷ್ಟ?

ಪಟ್ಟಣದವರು ಬರಲಿ ಎಂದು ಕಾಯುವುದೇಕೆ? ನಿಮ್ಮ ವಾಚನಾಲಯದಲ್ಲೇ ಇದನ್ನು ಆರಂಭಿಸಬಹುದು. ಯಾವ ಕಂಪನಿಯ ಆ್ಯಪೂ ಬೇಕಿಲ್ಲ. ತಿರುಪು ಮುಚ್ಚಳದ ಐದು ಖಾಲಿ ಡಬ್ಬಿ, ಐದು ಚಿಕ್ಕ ಪುಸ್ತಕ, ಐದು ತುಂಡು ಪೆನ್ಸಿಲು. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಒಂದು ಗುಂಡುತೋಪಿನಲ್ಲಿ, ಒಂದು ಕೆರೆ ಏರಿಯ ಕೊನೆಯಲ್ಲಿ, ಒಂದು ದನದ ಕಟ್ಟೆಯ ಹತ್ತಿರ, ಉಳಿದೆರಡು ಒಪ್ಪಿದವರ ತೋಟದಲ್ಲಿ. ಒಂದರಿಂದ ಇನ್ನೊಂದಕ್ಕೆ ನೂರೈವತ್ತು ಇನ್ನೂರು ಮೀಟರಾದರೂ ಅಂತರವಿರಲಿ. ಅಂತಾರಾಷ್ಟ್ರೀಯ ಆಟದಲ್ಲಿ ಕನಿಷ್ಠ 161 ಮೀಟರು. ಅಂಕಿಗಳನ್ನು ವಾಚನಾಲಯದ ಹಲಗೆಯ ಮೇಲೆ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಡಬ್ಬಿಗಳನ್ನು ನೋಡಿಬರುವ ಹೊಣೆ ಒಬ್ಬರದಾಗಲಿ. ನೋಡುವವರಿಲ್ಲದ ಡಬ್ಬಿ ಬರೀ ಕಸ.

ಗೋಮಾಳದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದು ಇಂದಿನ ಎಷ್ಟು ಮಕ್ಕಳಿಗೆ ಗೊತ್ತು? ಹಿಂದೆ ದನದ ಹಿಂದೆ ಅಲೆದವರಿಗೆ ಗೊತ್ತಿತ್ತು. ಈಗಿನವರು ಬಸ್ಸಿನಲ್ಲಿ ಶಾಲೆಗೆ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಒತ್ತುವರಿ ಮಾಡುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಎಲ್ಲೆ ಕಂಡವರಿಲ್ಲದ ನೆಲವನ್ನು ನುಂಗುವುದು ಸುಲಭ.

ಮೊದಲ ಪಾಠವನ್ನು ನಿಮ್ಮ ಸ್ವಂತ ಜಮೀನಿನಲ್ಲೇ ಮಾಡಿ. ಸರ್ವೆ ನಕ್ಷೆ ಹಿಡಿದು, ಮಗಳನ್ನೋ ಮೊಮ್ಮಗನನ್ನೋ ಕರೆದುಕೊಂಡು, ನಾಲ್ಕು ಮೂಲೆಯ ಕಲ್ಲುಗಳನ್ನೂ ಹುಡುಕಿ ತೋರಿಸಿ. ಬೇಲಿಯ ಕಳ್ಳಿಯಲ್ಲಿ ಹೂತುಹೋಗಿದ್ದರೆ ಸವರಿ ಹೊರಗೆ ತನ್ನಿ. ಪ್ರತಿ ಕಲ್ಲಿನ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆಸಿ. ಸಾಕ್ಷಿಗಲ್ಲ, ಮತ್ತೆ ಹುಡುಕುವುದಕ್ಕೆ. ನಾಲ್ಕರಲ್ಲಿ ಒಂದು ಕಲ್ಲು ಸಿಗದಿದ್ದರೆ ನೆರೆಯವನೊಡನೆ ಜಗಳಕ್ಕೆ ನಿಲ್ಲದೆ, ಇಬ್ಬರೂ ಕೂಡಿ ಹದ್ದುಬಸ್ತಿಗೆ ಒಂದು ಅರ್ಜಿ ಕೊಡಿ.