ಬಸಿರು ಹೊತ್ತ ತಂದೆ, ಬಣ್ಣ ತೊಟ್ಟ ತಾಯಿ

ಹಿಂದೊಮ್ಮೆ ಈ ಅಂಕಣದಲ್ಲಿ ಕಡಲಕುದುರೆಯ ವಿಷಯ ಬರೆಯುತ್ತ, ಮರಿಗಳನ್ನು ತನ್ನ ಒಡಲಚೀಲದಲ್ಲಿ ಹೊತ್ತು ತಿರುಗುವ ಆ ಗಂಡುಮೀನನ್ನು ‘ತ್ಯಾಗಮೂರ್ತಿ’ ಎಂದು ಕೊಂಡಾಡಿದ್ದೆ. ಮಂಜೇಶ್ವರದ ಕಡೆಯ ಗೃಹಿಣಿಯೊಬ್ಬರು ಅದನ್ನೋದಿ ಒಂದು ಕಾಗದ ಬರೆದರು. ಹೊರುವವನು ಗಂಡಾದೊಡನೆ ಅದು ತ್ಯಾಗವಾಯಿತೆ, ನಾಲ್ಕು ಹೆತ್ತ ತನ್ನನ್ನು ಯಾರೂ ಹಾಗೆ ಕರೆದ ನೆನಪಿಲ್ಲವಲ್ಲ ಎಂಬುದು ಅವರ ಮೊದಲನೆಯ ಪ್ರಶ್ನೆ. ಬಸಿರು ಹೊರುವ ಆ ಪ್ರಾಣಿಗೆ ತನ್ನ ಜೊತೆಯನ್ನು ತಾನೇ ಆರಿಸಿಕೊಳ್ಳುವ ಅಧಿಕಾರವಾದರೂ ಇದೆಯೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ, ತಲೆಬಾಗಿ ಒಪ್ಪಿಕೊಂಡಿದ್ದೇನೆ. ಎರಡನೆಯದಕ್ಕೆ ಉತ್ತರವುಂಟು. ಅದು ಕಡಲಕುದುರೆಗಿಂತ ಚೆನ್ನಾಗಿ ದೊರೆಯುವುದು ಅದರ ದಾಯಾದಿಯಾದ ಕೊಳವೆಮೀನಿನಲ್ಲಿ.

ಕೊಳವೆಮೀನೆಂದರೆ ಕಡಲಕುದುರೆಯನ್ನು ಹಿಡಿದು ನೀಳವಾಗಿ ಎಳೆದಂತಹ ರೂಪ. ಅದೇ ಉದ್ದ ಮೂತಿ, ಮೈಗೆಲ್ಲ ಅದೇ ಎಲುಬಿನ ಕವಚ. ಕಡಲಹುಲ್ಲಿನ ನಡುವೆ ನೆಟ್ಟಗೆ ನಿಂತುಬಿಟ್ಟರೆ ಅದೂ ಒಂದು ಹುಲ್ಲಿನ ಎಸಳೇ. ಸ್ವೀಡನ್ನಿನ ಪಶ್ಚಿಮ ತೀರದಲ್ಲಿ ಸಿಂಗ್ನಾಥಸ್ ಟೈಫ್ಲೆ ಎಂಬ ಜಾತಿಯೊಂದಿದೆ. ಉಪ್ಸಾಲಾ ವಿಶ್ವವಿದ್ಯಾನಿಲಯದ ಆಂಡರ್ಸ್ ಬೆರ್ಗ್ಲುಂಡ್, ಗುನಿಲ್ಲಾ ರೊಸೆನ್‌ಕ್ವಿಸ್ಟ್, ಇಂಗ್ರಿಡ್ ಆನೆಷೋ ಮೊದಲಾದ ವಿಜ್ಞಾನಿಗಳು 1980ರ ದಶಕದಿಂದ ಇದರ ಸಂಸಾರವನ್ನು ಸಾವಧಾನವಾಗಿ ಗಮನಿಸುತ್ತ ಬಂದರು. ಈ ಗಂಡಿನ ಬಾಲದ ಅಡಿಯಲ್ಲಿ ಚರ್ಮದ ಎರಡು ಮಡಿಕೆಗಳು ಕೂಡಿ ಆದ ಚೀಲವಿದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಅದರೊಳಗೆ ಇಟ್ಟು ಹೊರಟುಹೋಗುತ್ತದೆ. ಅವು ಫಲಿತವಾಗುವುದು ಅಲ್ಲಿಯೇ. ಭ್ರೂಣಗಳಿಗೆ ಪ್ರಾಣವಾಯು ಒದಗುವುದೂ ತಂದೆಯ ರಕ್ತದಿಂದಲೇ. ಆ ತಣ್ಣೀರಿನಲ್ಲಿ ಒಂದು ಬಸಿರಿಗೆ ತಿಂಗಳಿಗೂ ಮಿಕ್ಕಿ ಕಾಲ ಹಿಡಿಯುತ್ತದೆ.

ಇನ್ನು ಲೆಕ್ಕಕ್ಕೆ ಬನ್ನಿ. ಒಂದು ಗಂಡು ಒಂದು ಬಸಿರನ್ನು ಮುಗಿಸುವಷ್ಟರಲ್ಲಿ ಒಂದು ಹೆಣ್ಣು ಸುಮಾರು ಎರಡು ಗಂಡುಗಳ ಚೀಲ ತುಂಬುವಷ್ಟು ಮೊಟ್ಟೆಗಳನ್ನು ಸಿದ್ಧಪಡಿಸಬಲ್ಲದು. ಮೊಟ್ಟೆ ಬೇಕಾದಷ್ಟು, ಚೀಲ ಮಾತ್ರ ವಿರಳ. ವಿರಳವಾದುದಕ್ಕೆ ಬೆಲೆ ಬರುವುದು ಸಂತೆಯ ನ್ಯಾಯವಷ್ಟೆ. ಹೀಗಾಗಿ ನಮ್ಮ ಮನೆಗಳ ‘ಹೆಣ್ಣು ನೋಡುವ’ ಶಾಸ್ತ್ರ ಇಲ್ಲಿಯೂ ನಡೆಯುತ್ತದೆ. ಆದರೆ ನೋಡುವ ಗಂಡಿಗೆ ಇಲ್ಲಿರುವ ಕಾರಣ ಬೇರೆ, ಹೊರಬೇಕಾದವನು ಅವನೇ. ಹೆಣ್ಣುಗಳು ಒಂದರೆದುರು ಒಂದು ಸೆಣಸುತ್ತವೆ. ಮೈಮೇಲೆ ಅಂಕುಡೊಂಕಿನ ಕಪ್ಪು ಪಟ್ಟೆಗಳನ್ನು ಗಾಢವಾಗಿ ಮೂಡಿಸಿಕೊಂಡು ಕುಣಿಯುತ್ತವೆ. ಇದು ಬೇಕೆಂದಾಗ ತೊಟ್ಟು ಬೇಡವಾದಾಗ ಕಳಚಿಡಬಹುದಾದ ಆಭರಣ. ಗಂಡು ದೊಡ್ಡ ಮೈಯ ಹೆಣ್ಣನ್ನೇ ಮೆಚ್ಚುತ್ತದೆ, ಏಕೆಂದರೆ ದೊಡ್ಡ ಹೆಣ್ಣು ದೊಡ್ಡ ಮೊಟ್ಟೆಗಳನ್ನು ಕೊಡುತ್ತದೆ. ಪರೋಪಜೀವಿಗಳಿಂದ ಮೈಯಲ್ಲಿ ಕರಿಚುಕ್ಕೆ ಎದ್ದ ಹೆಣ್ಣಿನತ್ತ ಸುಳಿಯಲೂ ಹಿಂಜರಿಯುತ್ತದೆ.

ಈ ಅಧಿಕಾರವೂ ನಿರಂಕುಶವಾದುದಲ್ಲ. 1993ರಲ್ಲಿ ಬೆರ್ಗ್ಲುಂಡ್ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕೊಳವೆಮೀನುಗಳನ್ನು ತಿನ್ನುವ ಕಾಡ್ ಮೀನು ಸಮೀಪದಲ್ಲಿ ಕಾಣುವಂತಿದ್ದಾಗ ಗಂಡುಗಳು ಹೆಣ್ಣಿನ ಗಾತ್ರವನ್ನು ಎಣಿಸದೆಯೇ ಕೂಡಿದವು. ಜೀವಭಯವಿರುವಲ್ಲಿ ನಿಧಾನವಾಗಿ ಅಳೆದು ನೋಡುವ ಐಷಾರಾಮಕ್ಕೆ ಎಡೆಯೆಲ್ಲಿ?

ಸಂತಾನಕ್ಕಾಗಿ ಹೆಚ್ಚು ವೆಚ್ಚ ಮಾಡುವ ಪಕ್ಷ ಆರಿಸುತ್ತದೆ, ಕಡಿಮೆ ವೆಚ್ಚದ ಪಕ್ಷ ಹೋರಾಡುತ್ತದೆ ಎಂಬ ಸೂತ್ರವನ್ನು ಅಮೆರಿಕದ ರಾಬರ್ಟ್ ಟ್ರಿವರ್ಸ್ 1972ರಲ್ಲಿಯೇ ಮುಂದಿಟ್ಟಿದ್ದರು. ಕೊಳವೆಮೀನು ಅದಕ್ಕೆ ಒಳ್ಳೆಯ ಸಾಕ್ಷಿಯಾಯಿತು. ಆದರೆ ನನ್ನ ‘ತ್ಯಾಗಮೂರ್ತಿ’ಯ ವಿಗ್ರಹ ಬಿರುಕುಬಿಟ್ಟದ್ದು ಆ ಬಳಿಕ, 2010ರಲ್ಲಿ.

ಆ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ ಕಿಂಬರ್ಲಿ ಪ್ಯಾಕ್‌ಜೋಲ್ಟ್ ಮತ್ತು ಆಡಮ್ ಜೋನ್ಸ್ ಎಂಬುವರು ಮೆಕ್ಸಿಕೋ ಕೊಲ್ಲಿಯ ಕೊಳವೆಮೀನಿನ ಮೇಲೆ ನಡೆಸಿದ ಅಧ್ಯಯನವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಜಾತಿಯ ಗಂಡಿನ ಚೀಲ ಪಾರದರ್ಶಕ. ಒಳಗಿರುವ ಭ್ರೂಣಗಳನ್ನು ಹೊರಗಿನಿಂದಲೇ ಎಣಿಸಬಹುದು. ದೊಡ್ಡ ಹೆಣ್ಣು ಕೊಟ್ಟ ಮೊಟ್ಟೆಗಳಲ್ಲಿ ಬದುಕುಳಿದವು ಹೆಚ್ಚು, ಚಿಕ್ಕ ಹೆಣ್ಣಿನವುಗಳಲ್ಲಿ ಕಡಿಮೆ. ಅಷ್ಟೇ ಆಗಿದ್ದರೆ ದೊಡ್ಡ ಹೆಣ್ಣಿನ ಮೊಟ್ಟೆಯೇ ಉತ್ತಮವೆಂದು ಸುಮ್ಮನಾಗಬಹುದಿತ್ತು. ಆದರೆ ಮೊದಲ ಬಸಿರು ಚೆನ್ನಾಗಿ ಕೈಗೂಡಿದ ಗಂಡಿನ ಎರಡನೆಯ ಬಸಿರು ಸೊರಗುತ್ತಿತ್ತು; ಮೊದಲನೆಯದು ಸೊರಗಿದ್ದರೆ ಎರಡನೆಯದು ಸುಧಾರಿಸುತ್ತಿತ್ತು. ಎಂದರೆ ತಂದೆಯ ಕೈಯಲ್ಲಿ ಒಂದು ಗಂಟಿದೆ. ಮೆಚ್ಚಿದ ಜೊತೆಯ ಮಕ್ಕಳಿಗೆ ಅದನ್ನು ಬಿಚ್ಚುತ್ತಾನೆ, ಮೆಚ್ಚದ ಜೊತೆಯ ಮಕ್ಕಳಿಗೆ ಬಿಗಿಹಿಡಿದು ಮುಂದಿನ ಸರದಿಗೆ ಉಳಿಸುತ್ತಾನೆ.

ಅದೇ ವರ್ಷ ಸ್ವೀಡನ್ನಿನ ಕೊಳವೆಮೀನಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೊಟ್ಟೆಗಳಲ್ಲಿ ವಿಕಿರಣದ ಗುರುತು ಹಚ್ಚಿದ ಅಮೈನೋ ಆಮ್ಲಗಳನ್ನು ಸೇರಿಸಿ ಜಾಡು ಹಿಡಿದಾಗ, ಆ ಗುರುತು ತಂದೆಯ ಅಂಗಾಂಗಗಳಲ್ಲಿ ಕಾಣಿಸಿಕೊಂಡಿತು. ತಂದೆ ಉಣಿಸುವುದಷ್ಟೇ ಅಲ್ಲ, ಚೀಲದೊಳಗಿನ ಭ್ರೂಣಗಳಿಂದ ಪೋಷಣೆಯನ್ನು ಹಿಂದಕ್ಕೆ ಹೀರಿಕೊಳ್ಳಲೂ ಬಲ್ಲ! ಇದನ್ನೋದಿದ ದಿನ ನನಗೆ ಊಟ ಸೇರಲಿಲ್ಲವೆಂದರೆ ನೀವು ನಗಬಹುದು. ಕ್ರೌರ್ಯವೆನ್ನುವುದೂ ನಮ್ಮ ಮಾತು, ತ್ಯಾಗವೆನ್ನುವುದೂ ನಮ್ಮ ಮಾತು. ಮೀನಿಗೆ ಎರಡರ ಹಂಗೂ ಇಲ್ಲ. ಆ ಪದವನ್ನು ನಾನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ಹಾಗಾದರೆ ಹೊತ್ತವನಿಗೆಲ್ಲ ಆರಿಸುವ ಅಧಿಕಾರ ಬರುತ್ತದೆಯೆ? ಇಲ್ಲ. ಇದೇ ಬಳಗದ ಕಡಲಕುದುರೆಯಲ್ಲಿಯೂ ಬಸಿರು ಗಂಡಿನದೇ. ಆದರೂ ಅಲ್ಲಿ ಜೊತೆಗಾಗಿ ಹೆಚ್ಚು ಸೆಣಸುವುದು ಗಂಡೇ; ಬಾಲಕ್ಕೆ ಬಾಲ ತೊಡಕಿಸಿ ಎಳೆದಾಡುವವರು, ಮೂತಿಯಿಂದ ಎದುರಾಳಿಯನ್ನು ಚಿಮ್ಮಿ ದೂಡುವವರು ಅವರೇ. ಇದನ್ನು ತೋರಿಸಿಕೊಟ್ಟವರು ಅಮಾಂಡಾ ವಿನ್ಸೆಂಟ್. 1992ರಲ್ಲಿ ಅವರೂ ಮೇಲೆ ಹೇಳಿದ ಸ್ವೀಡನ್ನಿನ ಮೂವರೂ ಕೂಡಿ, ಈ ಕುಲದವರೆಲ್ಲ ನಿಜವಾಗಿಯೂ ಪಾತ್ರ ಬದಲಿಸಿಕೊಂಡವರೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಲೇಖನ ಬರೆದರು. ಯಾರು ಹೊರುತ್ತಾರೆ ಎಂಬುದಕ್ಕಿಂತ ಯಾರು ಬೇಗ ಮತ್ತೊಮ್ಮೆ ಸಿದ್ಧರಾಗುತ್ತಾರೆ ಎಂಬುದೇ ಮುಖ್ಯವೆನ್ನುವುದು ಈಗಿನ ತಿಳಿವಳಿಕೆ. ಕೊಳವೆಮೀನಿನ ಹೆಣ್ಣಿಗೆ ಮಿಗುವಷ್ಟು ಮೊಟ್ಟೆಯಿದೆ. ಒಂದೇ ಜೊತೆಯನ್ನು ನೆಚ್ಚಿದ ಕಡಲಕುದುರೆಯ ಹೆಣ್ಣಿಗೆ ಹಾಗೆ ಮಿಗುವುದಿಲ್ಲ.

ಆಸ್ಟ್ರೇಲಿಯದ ಸಿಡ್ನಿಯ ಬಳಿ ವಿನ್ಸೆಂಟರು ಕಡಲ ತಳದಲ್ಲಿ ಗುರುತು ಕಟ್ಟಿ ನೋಡಿದ ಜೋಡಿಗಳಲ್ಲಿ ಗಂಡು ಬಸಿರಾಗಿದ್ದಷ್ಟು ದಿನವೂ ಹೆಣ್ಣು ಬೇರೆಡೆ ಹೋಗುತ್ತಿರಲಿಲ್ಲ. ಬೆಳಗಾದೊಡನೆ ಅವನಿದ್ದಲ್ಲಿಗೆ ಬಂದು, ಇಬ್ಬರೂ ಮೈಬಣ್ಣ ತಿಳಿಯಾಗಿಸಿಕೊಂಡು, ಒಂದೇ ಹುಲ್ಲಿನ ಎಸಳನ್ನು ಬಾಲದಲ್ಲಿ ಹಿಡಿದು ಕೆಲವು ನಿಮಿಷ ಸುತ್ತಿ, ಆ ಬಳಿಕ ತಂತಮ್ಮ ಮೇವಿಗೆ ತೆರಳುತ್ತಿದ್ದವು.