ಕೆರೆಯ ಹಸಿರು ನೋಡಿ ಮೋಸಹೋಗಬೇಡಿ



ಕೋಲಾರದ ಬತ್ತಿದ ಕೆರೆಗಳಿಗೆ 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ ಹರಿಸಲು ಶುರುಮಾಡಿದರು. ಕೆರೆ ತುಂಬಿತು, ಸಂತೋಷವೇ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೂ ಎದ್ದಿತು. ಕಣ್ಣಿಗೆ ಕಾಣುವ ನೊರೆಗಿಂತ ಕಾಣದ ಲೋಹ ಕೆಟ್ಟದ್ದು. ಎರಡು ಹಂತದ ಶುದ್ಧಿ ಇರುವುದು ಕೊಳೆಯುವ ಹೊಲಸಿಗೆ. ಸೀಸ, ಕ್ಯಾಡ್ಮಿಯಂ ಕೊಳೆಯುತ್ತವೆಯೇ?

ಕಾರ್ಖಾನೆಯ ನೀರು ಬೆರೆತ ಕೆರೆಯ ಗಿಡ ನೋಡಿ. ಕ್ಯಾಡ್ಮಿಯಂ ಹೆಚ್ಚಾದರೆ ಬೇರು ಮೋಟಾಗುತ್ತದೆ, ಎಲೆ ಹಳದಿಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಕಡಿಮೆ ಇದ್ದಾಗಲೇ ಮೋಸ ಹೆಚ್ಚು. ಕೊಳಚೆಯ ಸಾರಜನಕ, ರಂಜಕ ಹೀರಿ ಅಂತರಗಂಗೆ ಸೊಂಪಾಗಿ ಹಬ್ಬುತ್ತದೆ; ಒಳಗೊಳಗೇ ಲೋಹವನ್ನು ಬೇರಿನಲ್ಲಿ ಕೂಡಿಡುತ್ತದೆ. ಗಿಡ ಸತ್ತು ಕೊಳೆತಾಗ ಆ ಲೋಹ ಕೆರೆಯ ಗೋಡಿಗೆ ಸೇರುತ್ತದೆ. ಆ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯೋರು ಯಾರು? ನಾವೇ! ಅಲ್ಲಿಂದ ಸೊಪ್ಪಿಗೆ, ಸೊಪ್ಪಿನಿಂದ ಮಕ್ಕಳ ತಟ್ಟೆಗೆ.

ನಾಳೆ ಮಂಡಿಯಲ್ಲಿ ‘ಕೊಳಚೆ ನೀರಿನ ಮಾಲು’ ಅಂತ ಬೆಲೆ ಇಳಿಸಿದರೆ ಬ್ಯಾಂಕಿನೋರು ನಿಮ್ಮ ಸಾಲ ಇಳಿಸ್ತಾರಾ? ಲಾಭ ಕಾರ್ಖಾನೆಗೆ, ವಿಷ ರೈತನ ಹೊಲಕ್ಕೆ. ಇದು ಯಾವೂರ ನ್ಯಾಯ?

ನಾವು ಭಿಕ್ಷೆ ಕೇಳುತ್ತಿಲ್ಲ. ಲೋಹವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಲಿ. ಪ್ರತಿ ಕೆರೆಯ ನೀರು, ಗೋಡು, ಗಿಡ ಮೂರನ್ನೂ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ಅಂತರಗಂಗೆಯನ್ನು ತಿಪ್ಪೆಗೆ ಹಾಕಬೇಡಿ, ಗೋಡು ಹೊಡೆಯಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಕೆರೆಯ ಪರೀಕ್ಷೆ ಎಲ್ಲಿ?