ಪಿಕಪ್ ವಾಹನದ ತುಕ್ಕು ಹಿಡಿದ ತೊಟ್ಟಿ: ತೇಪೆಯೋ, ಹೊಸದೋ?

ನಮ್ಮ ವ್ಯವಸಾಯಗಾರರಲ್ಲಿ ಅನೇಕರು ಈಗ ಎತ್ತಿನ ಗಾಡಿಗೆ ಬದಲಾಗಿ ಹಳೆಯದೊಂದು ಪಿಕಪ್ ವಾಹನವನ್ನು ಇಟ್ಟುಕೊಂಡಿರುವುದು ಎಲ್ಲರೂ ಬಲ್ಲ ವಿಷಯವೇ. ಎಂಜಿನ್ನಿನ ವಿಷಯದಲ್ಲಿ ಇವರು ತೋರಿಸುವ ಶ್ರದ್ಧೆಯ ಕಾಲು ಪಾಲನ್ನಾದರೂ ಸರಕು ಹೇರುವ ತೊಟ್ಟಿಯ ವಿಷಯದಲ್ಲಿ ತೋರಿಸುವುದಿಲ್ಲವೆಂಬುದು ನಮ್ಮ ದೂರು. ತಳಕ್ಕೆ ತೂತು ಬಿದ್ದ ಮೇಲೆ ಮಾಡಿಸುವುದಾದರೂ ಏನು? ಹಳೆಯ ತಗಡಿನ ಮೇಲೆಯೇ ಹೊಸ ಚೆಕ್ಕರ್ ತಗಡೊಂದನ್ನು ಹಾಸಿ, ಅಂಚಿನಲ್ಲಿ ನಾಲ್ಕು ಬೆಸುಗೆ ಹಾಕಿಸಿ ನಿಶ್ಚಿಂತೆಯಿಂದ ಮನೆಗೆ ಬರುವುದು. ಈ ಪದ್ಧತಿಯನ್ನು ಬಿಡತಕ್ಕದ್ದೆಂದು ನಾವು ಒತ್ತಿ ಹೇಳಬೇಕಾಗಿದೆ.

ನಮ್ಮ ಮನೆಯ ವಾಹನಕ್ಕೂ ಹೀಗೆಯೇ ಮಾಡಿಸಿದ್ದುಂಟು. ಎರಡು ಮಳೆಗಾಲಗಳು ಕಳೆದ ಮೇಲೆ, ಗೊಬ್ಬರದ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಹತ್ತಿದ ಆಳಿನ ಕಾಲ ಕೆಳಗೆ ತಳವೇ ಕುಸಿಯಿತು. ಹೊಸ ತಗಡು ಹರಿದಿರಲಿಲ್ಲ. ಅದನ್ನು ಹೊತ್ತಿದ್ದ ಅಡ್ಡತೊಲೆಯು ತುಕ್ಕು ತಿಂದು ಮುರಿದಿತ್ತು, ಅಂಚಿನ ಬೆಸುಗೆ ಬಿಟ್ಟಿತ್ತು. ತಗಡಿನ ಅಂಚು ಬಡಿದು ಆತನ ಮೊಣಕಾಲಿನ ಕೆಳಗೆ ಆಳವಾದ ಗಾಯವಾಯಿತು. ಬಿತ್ತನೆಯ ಕಾಲದಲ್ಲಿ ಒಂದೂವರೆ ತಿಂಗಳು ಆತನಿಗೆ ಕೆಲಸವಿಲ್ಲದೆ ಹೋಯಿತು. ಉಳಿಸಿದೆವೆಂದು ತಿಳಿದಿದ್ದ ಹಣವು ಚಿಕಿತ್ಸೆಗೆ ಸಾಲದಾಯಿತು.

ಹೀಗಾಗುವುದಕ್ಕೆ ಕಾರಣವು ಸ್ಪಷ್ಟವಾಗಿದೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿದರೆ ತುಕ್ಕು. ಉಪ್ಪು ಸೇರಿದರೆ ಅದರ ವೇಗವು ಬಹಳವಾಗಿ ಹೆಚ್ಚುವುದು. ನಾವು ಹೇರುವ ಪೊಟ್ಯಾಷ್ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡೆಂಬ ಒಂದು ಉಪ್ಪೇ ಆಗಿದ್ದು, ತೂಕದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಕ್ಲೋರಿನ್ನೇ ಇರುತ್ತದೆ. ಹರಿದ ಚೀಲದಿಂದ ಉದುರಿದ ಹರಳುಗಳೂ ಕೊಟ್ಟಿಗೆ ಗೊಬ್ಬರದ ಹಸಿಯೂ ಮೂಲೆಗಳಲ್ಲಿ ನಿಲ್ಲುತ್ತವೆ. ಎರಡು ತಗಡುಗಳ ನಡುವೆ ಇಳಿದ ನೀರಿಗಂತೂ ಒಣಗುವ ದಾರಿಯೇ ಇಲ್ಲ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ತಗಡುಗಳನ್ನು ಒಂದರಿಂದೊಂದು ಎಬ್ಬಿಸಿ ಬೆಸುಗೆಯನ್ನು ಬಿಚ್ಚುತ್ತದೆ.

ತೂಕದ ಲೆಕ್ಕವನ್ನೂ ನೋಡಬೇಕು. ಎರಡೂವರೆ ಮೀಟರು ಉದ್ದ, 1.7 ಮೀಟರು ಅಗಲದ ತಳಕ್ಕೆ 3 ಮಿಲಿಮೀಟರಿನ ಉಕ್ಕಿನ ತಗಡು ಸುಮಾರು 100 ಕಿಲೋ ತೂಗುತ್ತದೆ. ಎಂದರೆ 50 ಕಿಲೋಗಳ ಎರಡು ಮೂಟೆಗಳನ್ನು ಪ್ರತಿಯೊಂದು ಸವಾರಿಯಲ್ಲಿಯೂ ಬಾಡಿಗೆಯಿಲ್ಲದೆ ಹೊತ್ತು ತಿರುಗಿದಂತಾಯಿತು.

ಆದುದರಿಂದ ಮೊದಲು ವಾಹನದ ಅಡಿಗೆ ಹೋಗಿ ನೋಡತಕ್ಕದ್ದು. ಸುತ್ತಿಗೆಯಿಂದ ಅಡ್ಡತೊಲೆಗಳನ್ನು ಬಡಿದರೆ ಗಟ್ಟಿಯಾದುದು ಖಣಿಲೆನ್ನುವುದು, ಸತ್ತುದು ಮಂದವಾಗಿ ನುಡಿದು ಹೊಪ್ಪಳಿಕೆ ಉದುರಿಸುವುದು. ತೊಲೆಗಳು ಗಟ್ಟಿಯಾಗಿದ್ದು ತಗಡು ಮಾತ್ರ ಕೆಟ್ಟಿದ್ದರೆ, ಕೆಟ್ಟ ಭಾಗವನ್ನು ಒಳ್ಳೆಯ ಲೋಹ ಸಿಕ್ಕುವವರೆಗೆ ಕತ್ತರಿಸಿ ತೆಗೆದು ಹೊಸದನ್ನು ಕೂಡಿಸಬಹುದು. ಎರಡು ಮೂರು ತೊಲೆಗಳು ಹೋಗಿದ್ದರೆ ಇಡೀ ತೊಟ್ಟಿಯನ್ನು ಬದಲಿಸುವುದೇ ಮೇಲು. ಚಾಸಿಯೇ ಪದರುಪದರಾಗಿ ಏಳುತ್ತಿದ್ದರೆ, ಮಮತೆ ಎಷ್ಟೇ ಇರಲಿ, ಹಣವನ್ನು ಅಲ್ಲಿ ಸುರಿಯತಕ್ಕದ್ದಲ್ಲ. ಅಮೆರಿಕದ ಫೋರ್ಡ್ ಕಂಪೆನಿಯು 2015ರ ಮಾದರಿಯ ಎಫ್-150 ವಾಹನಕ್ಕೆ ಅಲ್ಯೂಮಿನಿಯಂ ಒಡಲನ್ನು ಕೊಟ್ಟಿತು. ಆದರೆ ಅದನ್ನು ಬೆಸೆಯಬಲ್ಲ ಕೈಗಳು ನಮ್ಮ ಹೋಬಳಿಯ ಅಂಗಡಿಗಳಲ್ಲಿ ವಿರಳ. ಮರದ ಹಲಗೆಯ ತಳವನ್ನು ನಾವು ಹಳತೆಂದು ಹಾಸ್ಯಮಾಡುವುದಿಲ್ಲ. ಕೆಟ್ಟ ಹಲಗೆಯೊಂದನ್ನೇ ಬದಲಿಸಬಹುದಾದ ಸೌಕರ್ಯ ಅದರಲ್ಲಿದೆ. ಹೊಸ ತೊಟ್ಟಿಯ ಅಳತೆಯನ್ನು ಮಾತ್ರ ಮನಬಂದಂತೆ ಹೆಚ್ಚಿಸಕೂಡದು. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವ ಮಾರ್ಪಾಟನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸಿದೆ.

ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿಗಳನ್ನು ಬಿಚ್ಚಿಸಬೇಕು. ಇಂಧನದ ಟ್ಯಾಂಕು ಸಮೀಪದಲ್ಲಿದ್ದರೆ ಅದನ್ನು ಕಳಚಿ ದೂರವಿಡಿಸಬೇಕು. ಸತುವಿನ ಲೇಪದ ತಗಡನ್ನು ಬೆಸೆಯುವಾಗ ಏಳುವ ಹೊಗೆಯಿಂದ ಜ್ವರ ಬರುವುದುಂಟಾದ್ದರಿಂದ ಕೆಲಸವನ್ನು ಬಯಲಿನಲ್ಲಿ ಮಾಡಿಸುವುದು ಲೇಸು. ಕೊನೆಗೆ ಮೇಲಿನ ಮುಖಕ್ಕೆ ಮಾತ್ರವಲ್ಲದೆ ಅಡಿಯ ಮುಖಕ್ಕೂ ಸತುವಿನ ಪ್ರೈಮರು ಬಳಿಸಿ, ಅದರ ಮೇಲೆ ಬಣ್ಣ ಹಾಕಿಸಿ, ಮೂಲೆಗಳಲ್ಲಿ ನೀರು ಹರಿಯುವ ರಂಧ್ರಗಳನ್ನು ಬಿಡಿಸಬೇಕು. ಬಣ್ಣಕ್ಕೆ ಒಣಹವೆ ಬೇಕಾದುದರಿಂದ ಸುಗ್ಗಿಯ ಸಾಗಾಣಿಕೆ ಮುಗಿದೊಡನೆ, ಮುಂಗಾರಿಗೆ ಬಹು ಮುಂಚೆಯೇ, ಈ ಕೆಲಸಕ್ಕೆ ಕೈಹಾಕತಕ್ಕದ್ದು.